ಹೆಬ್ಬೆರಳ ಲೆಕ್ಕ

ಕಾರವಾರದ ಮೀನುಪೇಟೆಯಲ್ಲಿ ಆಯಿ
ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಎಂಟು ವರ್ಷದ ನನಗೆ ಕಲಿಸಿದ್ದು ಮೂರೇ:
ಕಣ್ಣು ನೋಡು, ಮಂಜಾಗಿದ್ದರೆ ಬಿಡು.
ಕಿವಿರು ಎತ್ತು, ಕೆಂಪಿದೆಯೋ, ಕಂದಿದೆಯೋ.
ಬೆನ್ನಿಗೆ ಹೆಬ್ಬೆರಳು ಒತ್ತು,
ಕುಳಿ ತುಂಬಿ ಬಂದರೆ ಇವತ್ತಿನದು,
ಹಾಗೇ ಉಳಿದರೆ ನಿನ್ನೆಯದು,
ಮಾರುವವಳು ದೇವರಾಣೆ ಇಟ್ಟರೂ ಸರಿ.

ಮುಂದೆ ನರ್ಸಿಂಗ್ ಕ್ಲಾಸಿನಲ್ಲಿ
ಎಸ್ಪೆರಾನ್ಸಾ ಸಿಸ್ಟರ್ ಬೋರ್ಡಿನ ಮೇಲೆ
ನೋಡು, ಮುಟ್ಟು, ತಟ್ಟು, ಆಲಿಸು ಎಂದು ಬರೆದಾಗ
ಎಲ್ಲರೂ ನೋಟ್ಸ್ ಇಳಿಸಿಕೊಂಡರು.
ನಾನು ಕೈ ಮೂಸಿಕೊಂಡೆ,
ಬಸ್ಸಿನಲ್ಲಿ ಯಾರೋ ಮೂಗು ಮುಚ್ಚಿಕೊಂಡದ್ದು ನೆನಪಾಗಿ.
ಇಪ್ಪತ್ತೆರಡು ವರ್ಷ ಐಸಿಯುನಲ್ಲಿ
ಇದನ್ನು ಯಾರಿಗೂ ಹೇಳಿಲ್ಲ.
ಹೇಳುವುದಾದರೂ ಹೇಗೆ?

ರಾತ್ರಿ ಎರಡೂವರೆ. ಬಾ ನೂತನಾ, ನಾಲ್ಕನೇ ಹಾಸಿಗೆ.
ದತ್ತಾರಾಮ ತಾಂಡೇಲ, ಬೈತಖೋಲದ ಟ್ರಾಲರಿನವನು,
ಶೇಡೆ ಮೀನಿನ ಮುಳ್ಳು ಚುಚ್ಚಿಸಿಕೊಂಡು
ಮೂರು ದಿನ ಅರಿಶಿನ ಕಟ್ಟಿಕೊಂಡಿದ್ದು
ನಾಲ್ಕನೆಯ ದಿನ ನಮ್ಮಲ್ಲಿಗೆ ಬಂದವನು.
ಮಾನಿಟರ್ ನೋಡಬೇಡ, ಅದಕ್ಕೆ ಬೆನ್ನು ಹಾಕು.
ಅಂಕಿಗಳು ಚೆನ್ನಾಗಿವೆ, ಗೊತ್ತು.
ಬಂದರಿನ ದೀಪ ಉರಿಯುತ್ತಿದ್ದ ಮಾತ್ರಕ್ಕೆ
ದೋಣಿಯೊಳಗೆ ನೀರು ಬಂದಿಲ್ಲ ಅಂತಲ್ಲ.

ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಕೋ,
ತಣ್ಣನೆ ಕೈಗೆ ಎಲ್ಲ ಮೈಯೂ ಬಿಸಿಯೇ.
ಎದೆಯ ಏರಿಳಿತ ಪೂರ್ತಿ ಒಂದು ನಿಮಿಷ ಎಣಿಸು,
ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು
ಸೋಮಾರಿಗಳ ಗಣಿತ.
ಎಷ್ಟು? ಮೂವತ್ತೆರಡಾ? ಹಾಂ.
ಸಂಜೆ ಇಪ್ಪತ್ತು ಬರೆದಿದ್ದಾರೆ.
ಎಲ್ಲರಿಗೂ ಇಪ್ಪತ್ತೇ ಬರೆಯುತ್ತಾರೆ.

ಹೊದಿಕೆ ಸರಿಸು. ಮಂಡಿ ನೋಡು.
ಬಿಸಿಲಲ್ಲಿ ಕಪ್ಪಾದ ಚರ್ಮ, ಸುಲಭಕ್ಕೆ ಕಾಣದು,
ಟಾರ್ಚು ಓರೆ ಹಿಡಿ:
ಬಲೆಯ ಕಣ್ಣುಗಳ ಹಾಗೆ ನೇರಳೆ ಗೆರೆ, ಕಂಡಿತಾ?
ಆ ಬಲೆ ತೊಡೆಯ ಕಡೆ ಹತ್ತುತ್ತಿದೆ.
ಬೆರಳ ತುದಿ ಒತ್ತು, ಬಿಡು.
ಒಂದು. ಎರಡು. ಮೂರು. ನಾಲ್ಕು.
ಐದಕ್ಕೆ ಬಣ್ಣ ಮರಳಿತು.

ಇನ್ನೊಂದು. ಒಂಬತ್ತು ಗಂಟೆಗೆ ಇವನು
ದೋಣಿ ಬಿಡುವ ಹೊತ್ತಾಯಿತು ಎಂದು
ಸೂಜಿ ಕಿತ್ತು ಗದ್ದಲ ಮಾಡಿದ್ದ.
ಈಗ ಪಾಪ, ಸುಮ್ಮನೆ ಮಲಗಿದ್ದಾನೆ ಅಂದೆಯಲ್ಲ?
ಮಲಗಿಲ್ಲ ಕಣೇ, ದೂರ ಹೋಗುತ್ತಿದ್ದಾನೆ.
ಡಾಕ್ಟರನ್ನು ಎಬ್ಬಿಸು. ಬೈದರೆ ನನ್ನ ಹೆಸರು ಹೇಳು.

ಒಮ್ಮೆ ನಾನೂ ಎಬ್ಬಿಸಲಿಲ್ಲ.
ಮಾಜಾಳಿಯ ಹುಡುಗಿ, ಹೆರಿಗೆಯಾಗಿ ಎರಡು ದಿನ.
ಪರದೆಯ ಮೇಲೆ ತೊಂಬತ್ತೇಳು.
ಗಂಡ ಪಕ್ಕದಲ್ಲೇ ನಿಂತಿದ್ದ,
ಹೊದಿಕೆ ಸರಿಸಲು ನನಗೇ ಸಂಕೋಚ.
ಆ ಹೊದಿಕೆಯ ಮೇಲೆ ನೀಲಿ ಹೂಗಳಿದ್ದವು.
ಅಷ್ಟು ಸಾಕು.

ಮೀನಿಗೂ ಮನುಷ್ಯನಿಗೂ
ಅದೇ ಕಣ್ಣು, ಅದೇ ಕೆಂಪು, ಅದೇ ಹೆಬ್ಬೆರಳು.
ಆಯಿಯದು ಕೇಳುತ್ತಿತ್ತು: ಸತ್ತು ಎಷ್ಟು ಹೊತ್ತಾಯಿತು?
ನಮ್ಮದು ಕೇಳುತ್ತದೆ: ಇನ್ನೆಷ್ಟು ಹೊತ್ತಿದೆ?
ಓಡು, ಹೋಗು, ಫೋನು ಮಾಡು.

*

ಹನ್ನೊಂದನೆಯ ಬೆಳಿಗ್ಗೆ, ಗಂಟಲ ಕೊಳವೆ ತೆಗೆದ ಮೇಲೆ
ಅವನ ಮೊಳಕಾಲ ಕೆಳಗಿನ ಬಾವು ಒತ್ತಿ ನೋಡುತ್ತಿದ್ದೆ.
ಹೆಂಡತಿ ಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲಿದ್ದಳು.
ತಾಂಡೇಲ ನನ್ನ ಬೆರಳನ್ನೇ ದಿಟ್ಟಿಸಿ
ಒಡೆದ ದನಿಯಲ್ಲಿ,
“ಏನು ಬಾಯಿ, ತಾಜಾ ಇದೆಯಾ?” ಅಂದ.
ನೂತನಾ ಬಾಯಿಗೆ ಕೈ ಅಡ್ಡ ಹಿಡಿದಳು.
ನಾನು ನಗಲಿಲ್ಲ, ನಕ್ಕರೆ ಎಣಿಕೆ ತಪ್ಪುತ್ತದೆ.
ಬೆರಳು ತೆಗೆದೆ.
ಕುಳಿ ತುಂಬಿ ಬಂತು. ಬರೆದೆ.

ಆಮೇಲೆ ಸಿಂಕಿನ ಬಳಿ ಒಬ್ಬಳೇ
ಎಷ್ಟೋ ವರ್ಷದ ನಂತರ ಕೈ ಮೂಸಿಕೊಂಡೆ.
ಬರೀ ಸ್ಪಿರಿಟ್ಟು.
ಯಾಕೋ ಸ್ವಲ್ಪ ಬೇಸರವಾಯಿತು.